ಆರೂವರೆ ಸೇರು ಉದ್ದದ ರಸ್ತೆ

ನಮ್ಮೂರಿನಿಂದ ರೈಲ್ವೆ ಸ್ಟೇಷನ್ನು ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನಾವು ಮೊದಲು ಅವರ ಕೈ ನೋಡುತ್ತೇವೆ. ಕೈ ಖಾಲಿ ಇದ್ದರೆ, ಎಲೆಯಡಿಕೆ ಹಾಕಿಕೊಂಡು ಹೊರಡಿ, ಬಾಯಿ ಕೆಂಪಾಗುವಷ್ಟರಲ್ಲಿ ಸ್ಟೇಷನ್ನು ಎನ್ನುತ್ತೇವೆ. ಸಣ್ಣ ಚೀಲವಿದ್ದರೆ ಅದನ್ನು ಒಮ್ಮೆ ಎತ್ತಿ ನೋಡಿ, ಮಧ್ಯಾಹ್ನದ ಊಟ ಕಟ್ಟಿಕೊಳ್ಳಿ ಎನ್ನುತ್ತೇವೆ. ತಲೆಯ ಮೇಲೆ ರಾಗಿ ಮೂಟೆ ಇದ್ದರೆ, ಮನೆಯಲ್ಲಿ ಹೇಳಿ ಬಂದಿದ್ದೀರಾ ಎಂದು ಕೇಳುತ್ತೇವೆ, ಏಕೆಂದರೆ ಅದು ಹತ್ತು ಹನ್ನೆರಡು ದಿನದ ಮಾತು. ರಸ್ತೆ ಒಂದೇ. ಹೊತ್ತವರಿಗೆ ಹೊತ್ತಷ್ಟು ಉದ್ದ.

ನಾನು ದ್ಯಾವಮ್ಮ, ಈ ಊರಿನ ಟಪಾಲು ಹೊರುವವಳು. ಇಪ್ಪತ್ತಾರು ವರ್ಷದಿಂದ ಈ ರಸ್ತೆಯನ್ನು ತೂಕದಲ್ಲಿ ಬಲ್ಲೆ. ಬರೀ ಕಾಗದಗಳಿದ್ದ ದಿನ ಹೋಗಿ ಬಂದು ರೊಟ್ಟಿ ತಟ್ಟುತ್ತೇನೆ. ಪಂಚಾಂಗದ ಪಾರ್ಸೆಲ್ಲು ಬರುವ ವಾರ ಮನೆಯವರು ನನ್ನ ಮುಖ ಮರೆಯುತ್ತಾರೆ. ಯಾವುದು ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದೂ ನನಗೆ ಗೊತ್ತು. ನಮ್ಮ ಮೈತೂಕ ಲೆಕ್ಕಕ್ಕಿಲ್ಲ. ಉಟ್ಟ ಸೀರೆ ಲೆಕ್ಕಕ್ಕಿಲ್ಲ, ಹೊದ್ದ ಕಂಬಳಿ ಲೆಕ್ಕಕ್ಕುಂಟು. ಮನಸ್ಸಿನ ಭಾರವೂ ಲೆಕ್ಕಕ್ಕಿಲ್ಲ. ನನ್ನ ಗಂಡ ತೀರಿಕೊಂಡ ವಾರ ಬರಿಗೈಯಲ್ಲಿ ಸ್ಟೇಷನ್ನಿಗೆ ಹೋಗಿದ್ದೆ, ಎಂದಿನಷ್ಟೇ ಹೊತ್ತು ಹಿಡಿಯಿತು. ಆವತ್ತು ರಸ್ತೆಯ ಮೇಲೆ ನನಗೆ ಸಿಟ್ಟು ಬಂದಿತ್ತು.

ಸಂತೆಗೆ ನಾವು ಊರಿಗೆ ಊರೇ ಹೋಗುತ್ತೇವೆ. ಒಂದು ಮೂಟೆ ರಾಗಿ ನೂರು ಹೆಂಗಸರ ಸೆರಗಿನಲ್ಲಿ ಹಂಚಿ ಹೋಗುತ್ತದೆ, ಸ್ಟೇಷನ್ನಿನ ಮುಂದೆ ಮತ್ತೆ ಮೂಟೆಯಾಗುತ್ತದೆ. ಹೀಗೆ ಉಪ್ಪು, ಬೆಲ್ಲ, ಸೀಮೆಎಣ್ಣೆ ಎಲ್ಲವೂ ಚೂರುಚೂರಾಗಿ ಬಂದು ಹೋಗುತ್ತವೆ. ಯಾರಿಗೂ ಕಷ್ಟವಿಲ್ಲ, ಹರಟೆಗೆ ಹರಟೆಯೂ ಆಯಿತು. ಆದರೆ ಬಸುರಿಯನ್ನು ನೂರು ಜನ ಹಂಚಿಕೊಳ್ಳಲು ಬರುವುದಿಲ್ಲ. ಹೊಟ್ಟೆಯಲ್ಲಿರುವ ಕೂಸು ಹೊರೆಯೇ, ಮತ್ತು ಆಸ್ಪತ್ರೆ ಇರುವುದು ಸ್ಟೇಷನ್ನಿನ ಪಕ್ಕದಲ್ಲಿ.

ಅದಕ್ಕೇ ನಮ್ಮಲ್ಲಿ ಜೊತೆಗಲ್ಲು ಎಂಬ ಪದ್ಧತಿ ಇದೆ. ಮದುವೆಯ ದಿನ ಹೆಣ್ಣನ್ನು ಊರ ಬಾಗಿಲಿನ ಹುಣಸೆಮರದ ಕೆಳಗಿರುವ ದೊಡ್ಡ ತಕ್ಕಡಿಯಲ್ಲಿ ತೂಗಿ, ತೂಕವನ್ನು ಮನೆಯ ಗೋಡೆಯ ಮೇಲೆ ಬರೆದಿಡುತ್ತಾರೆ. ಬಸುರಿಯಾಗಿ ಆಸ್ಪತ್ರೆಗೆ ಹೊರಟಾಗ ಮತ್ತೆ ತೂಗುತ್ತಾರೆ. ಎಷ್ಟು ಹೆಚ್ಚಿದೆಯೋ ಅಷ್ಟು ತೂಕದ ಕಲ್ಲನ್ನು ಚೀಲಕ್ಕೆ ತುಂಬಿ, ಜೊತೆಗೆ ಹೋಗುವವರು ಹೊರಬೇಕು. ಇಲ್ಲದಿದ್ದರೆ ಜೊತೆ ಎಲ್ಲಿ? ಗಂಡ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಸ್ಟೇಷನ್ನಿನಲ್ಲಿರುತ್ತಾನೆ, ಹೆಂಡತಿ ಒಬ್ಬಳೇ ದಾರಿಯಲ್ಲಿರುತ್ತಾಳೆ. ಒಂದು ಹಿಡಿ ಹೆಚ್ಚುಕಡಿಮೆಯಾದರೆ ಪರವಾಗಿಲ್ಲ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿರುತ್ತೀರಿ.

ನನ್ನ ಅಕ್ಕ ಸಿದ್ದಿ ಆ ದಾರಿಯಲ್ಲೇ ತೀರಿಹೋದಳು. ಕೂಸು ಅಡ್ಡ ಬಂದಿತ್ತು. ಭಾವ ಕಲ್ಲಿನ ಚೀಲ ಕೆಳಗಿಟ್ಟು ಹೆಜ್ಜೆ ಇಟ್ಟ. ಹೊರೆ ಬಿಟ್ಟವರಿಗೆ ಗಿಡ್ಡ ರಸ್ತೆ, ಕ್ಷಣದಲ್ಲಿ ಆಸ್ಪತ್ರೆ ಸೇರಿದ. ಆಗಿನ್ನೂ ಪರದೇಶದವರ ಆಳ್ವಿಕೆ. ಅವರ ಡಾಕ್ಟರು ಹೊರಟರು, ಇಲ್ಲವೆನ್ನಲಿಲ್ಲ. ಆದರೆ ಛತ್ರಿ ಹಿಡಿಯಲು ಒಬ್ಬ ಜವಾನ, ಚೀಲ ಹೊರಲು ಇನ್ನೊಬ್ಬ ಜವಾನ, ಡಾಕ್ಟರದು ಬರಿಗೈ. ಅವರು ಎರಡು ಸಲ ನಮ್ಮೂರಿಗೆ ಬಂದು ಹೋದರು, ದಾರಿಯಲ್ಲಿ ಯಾವ ಹೆಂಗಸೂ ಕಾಣಲಿಲ್ಲ, ಸುಳ್ಳು ಕರೆ ಎಂದು ಬರೆದರು. ಚೀಲ ಹೊತ್ತ ಜವಾನ ಮಾತ್ರ ಅಕ್ಕನ ಹತ್ತಿರ ಬಂದ. ಅವನಿಗೆ ಚೀಲ ಬಿಚ್ಚುವ ಅಧಿಕಾರವಿರಲಿಲ್ಲ.

ಆ ಪರದೇಶದವರು ಹೋಗಿ ದೇಶ ನಮ್ಮದಾದ ಮೂರನೆಯ ವರ್ಷ ರಾಜಧಾನಿಯಿಂದ ಒಂದು ಕಾಗದ ಬಂತು, ನಾನೇ ತಂದೆ. ಹತ್ತಾರು ದೇಶಗಳು ಸೇರಿ ಕಟ್ಟಿದ ಒಂದು ಅಭಿವೃದ್ಧಿ ಬ್ಯಾಂಕು ನಮ್ಮಂಥ ಹೊಸ ದೇಶಗಳಿಗೆ ರಸ್ತೆ, ಸೇತುವೆ, ನೀರು ಮಾಡಿಕೊಳ್ಳಲು ನೆರವು ಕೊಡುತ್ತದಂತೆ. ಊರಿಗೆ ಏನು ಬೇಕೋ ಅರ್ಜಿ ಹಾಕಿ ಎಂದು ಬರೆದಿತ್ತು. ಊರ ಸಮಿತಿಯ ಅಧ್ಯಕ್ಷರು ಚಿಕ್ಕೆಂಪಯ್ಯನವರು. ಒಳ್ಳೆಯ ಮನುಷ್ಯ, ಅರವತ್ತೆರಡು ವರ್ಷದಲ್ಲಿ ಹೆಗಲಿನ ಶಾಲಿಗಿಂತ ಭಾರವಾದದ್ದನ್ನು ಎತ್ತಿದವರಲ್ಲ. ಅವರ ಮನೆಯವರೂ ಹೆರಿಗೆಗೆ ತೌರಿಗೆ ಹೋಗುತ್ತಿದ್ದುದರಿಂದ ಜೊತೆಗಲ್ಲಿನ ಪ್ರಮೇಯ ಬಂದಿರಲಿಲ್ಲ. ಅವರು ಹೇಳಿದರು, ನಾನು ಬರೆದೆ: ಬಸುರಿಯರು ನಡೆಯುವ ದಾರಿಗೆ ನಾಲ್ಕು ಬಾವಿ, ಎರಡು ತಂಗುದಾಣ, ದಾರಿಯಲ್ಲೇ ಒಂದು ಹೆರಿಗೆ ಕೋಣೆ ಮತ್ತು ದಾದಿ. ರಸ್ತೆಯ ಉದ್ದ ಎಂಬ ಜಾಗದಲ್ಲಿ ಬಹಳ ಚರ್ಚೆಯಾಗಿ ಹದಿನಾರು ಮೈಲಿ ಎಂದು ತುಂಬಿದೆವು.

ನೋಡಿ ಹೋಗಲು ಬ್ಯಾಂಕಿನಿಂದ ಬೆರೆಂಟ್ ಎಂಬ ಸಾಹೇಬರು ಬಂದರು. ಉದ್ದನೆಯ ಆಳು, ಯಾವುದೋ ಚಳಿ ದೇಶದವರು, ನಗುಮುಖ. ನಮ್ಮೂರಿನಲ್ಲಿ ಬಂದವರ ಕೈಯಲ್ಲಿ ಉಗುರು ಬಿಟ್ಟು ಬೇರೇನೂ ಇರಬಾರದು. ಇದು ನಾವು ಕಲಿತದ್ದಲ್ಲ, ರಕ್ತದಲ್ಲಿ ಬಂದದ್ದು. ಎಂಟು ಜನ ಸ್ಟೇಷನ್ನಿಗೆ ಹೋಗಿ, ಸಾಹೇಬರು ರೈಲಿನಿಂದ ಕಾಲು ಕೆಳಗಿಡುವ ಮೊದಲೇ ಪೆಟ್ಟಿಗೆ ಇಸಿದುಕೊಂಡರು, ಟೋಪಿ ಇಸಿದುಕೊಂಡರು, ಅಳತೆಯ ಟೇಪು ಇಸಿದುಕೊಂಡರು. ಕಿವಿಯ ಸಂದಿಯಲ್ಲಿದ್ದ ಪೆನ್ಸಿಲನ್ನು ಸ್ವತಃ ಚಿಕ್ಕೆಂಪಯ್ಯನವರೇ ತೆಗೆದುಕೊಂಡರು. ಸಾಹೇಬರು ಕೈಬೀಸಿಕೊಂಡು ಬಂದು ನಾಲ್ಕು ನಿಮಿಷದಲ್ಲಿ ಊರು ಸೇರಿದರು. ಅವರ ಪೆಟ್ಟಿಗೆ ಮೂರನೆಯ ದಿನ ಸೇರಿತು.

ಆ ಮೂರು ದಿನ ಅವರು ಚಿಕ್ಕೆಂಪಯ್ಯನವರ ಪಂಚೆ ಉಟ್ಟು, ಅವರೆಕಾಳಿನ ಸಾರಿನಲ್ಲಿ ಮುದ್ದೆ ಅದ್ದಿ, ಬಹಳ ಸಂತೋಷವಾಗಿದ್ದರು. ದುಭಾಷಿ ನಾನೇ. ಹಳೆಯ ಪೋಸ್ಟ್ ಮಾಸ್ತರರು ಪರದೇಶದವರು. ಅವರ ಬೈಗುಳ ಕೇಳಿಯೇ ನಾನು ಆ ಭಾಷೆ ಕಲಿತೆ. ಹಾಗಾಗಿ ಬೈಯಲು ಚೆನ್ನಾಗಿ ಬರುತ್ತದೆ, ಉಪಚಾರ ಹೇಳಲು ಸ್ವಲ್ಪ ತಡವರಿಸುತ್ತೇನೆ. ಹೊತ್ತವರಿಗೆ ಈ ರಸ್ತೆ ಬೆಳೆಯುತ್ತದೆ ಎಂದು ನಾನು ನೇರವಾಗಿಯೇ ಹೇಳಿದೆ. "ಹೌದು, ದಣಿದವರಿಗೆ ಎಲ್ಲ ದೇಶದಲ್ಲೂ ಹಾಗೆಯೇ ಅನ್ನಿಸುತ್ತದೆ" ಎಂದು ಅವರು ತಲೆದೂಗಿದರು. ಹೋಗುವಾಗಲೂ ನಮ್ಮವರು ಅವರ ಕೈಗೆ ಏನನ್ನೂ ಕೊಡಲಿಲ್ಲ. ಪೆಟ್ಟಿಗೆ ಆಮೇಲೆ ಕಳಿಸಿಕೊಟ್ಟೆವು.

ಎರಡು ತಿಂಗಳಿಗೆ ಕಾಗದ ಬಂತು. ಒಂದೇ ಹಾಳೆ, ಹಗುರವಾಗಿತ್ತು, ಬೇಗ ತಂದೆ. ಹುಣಸೆಮರದ ಕೆಳಗೆ ಓದಿ ಹೇಳಿದೆ. ಊರಿನ ಜನ ಅತ್ಯಂತ ಸಜ್ಜನರು. ರಸ್ತೆ ಮುನ್ನೂರ ಇಪ್ಪತ್ತು ಹೆಜ್ಜೆ, ಸುಸ್ಥಿತಿಯಲ್ಲಿದೆ. ಅದರಲ್ಲಿ ನಾಲ್ಕು ಬಾವಿ ತೋಡಿದರೆ ನಡೆಯಲು ಜಾಗ ಉಳಿಯುವುದಿಲ್ಲ. ಆದ್ದರಿಂದ ನೆರವಿನ ಅಗತ್ಯ ಕಂಡುಬರುವುದಿಲ್ಲ. ಪೆಟ್ಟಿಗೆ ಹೊತ್ತವರು ದಾರಿಯಲ್ಲಿ ನೆಂಟರ ಮನೆಗೆ ಹೋಗಿದ್ದರೆಂದು ಕಾಣುತ್ತದೆ, ಅದಕ್ಕೆ ಬೇಸರವಿಲ್ಲ ಎಂದೂ ಬರೆದಿದ್ದರು.

ಚಿಕ್ಕೆಂಪಯ್ಯನವರ ಮುಖ ಸಣ್ಣದಾಯಿತು. "ಅಲ್ಲಮ್ಮ ದ್ಯಾವಮ್ಮ, ನಾವೇನ್ ಕಡ್ಮೆ ಮಾಡುದ್ವಿ ಅವ್ರಿಗೆ?"

"ಕಡ್ಮೆ ಅಲ್ಲ ಅಧ್ಯಕ್ಷ್ರೇ, ಜಾಸ್ತಿ ಮಾಡುದ್ವಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಬಂದರೆ ಇನ್ನೂ ಚೆನ್ನಾಗಿ ನೋಡಿಕೊಳ್ಳೋಣ ಎಂದರು.

ನನಗೆ ಅಷ್ಟು ನೆಮ್ಮದಿಯಾಗಿರಲು ಸಾಧ್ಯವಿರಲಿಲ್ಲ. ನನಗೆ ಇರುವುದು ಒಬ್ಬಳೇ ಮಗಳು, ಚೆನ್ನಾಜಿ. ಅವಳು ಆಗ ಆರು ತಿಂಗಳ ಬಸುರಿ. ಎಂಟಾಗುವಾಗ ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, ನನ್ನನ್ನು ಹಿತ್ತಿಲಿಗೆ ಕರೆದು, "ಅಡ್ಡ ಮಲಗದೆ ಕಣಕ್ಕ, ನನ್ ಕೈಲಾಗಕಿಲ್ಲ, ಆಸ್ಪತ್ರೆಗೇ ಕರ್ಕೊಂಡ್ ಹೋಗು" ಎಂದಳು. ಅಕ್ಕನ ಮುಖ ಕಣ್ಣ ಮುಂದೆ ಬಂತು. ದಿನ ತುಂಬಲು ಹದಿನೈದು ದಿನ ಇರುವಾಗಲೇ ಹೊರಡುವುದೆಂದು ನಾನೂ ಅಳಿಯ ಬೋರಲಿಂಗನೂ ನಿಶ್ಚಯ ಮಾಡಿದೆವು.

ಹೊರಡುವ ದಿನ ಬೆಳಿಗ್ಗೆ ಚೆನ್ನಾಜಿಯನ್ನು ತಕ್ಕಡಿಯಲ್ಲಿ ಕೂರಿಸಿ ತೂಗುತ್ತಿದ್ದೆವು. ತಕ್ಕಡಿಯ ಒಂದು ತಟ್ಟೆ ಸೀಳಿತ್ತು, ಬೋರಲಿಂಗ ಅದನ್ನು ಕೈಯಲ್ಲಿ ಒತ್ತಿ ಹಿಡಿದಿದ್ದ. ಅಷ್ಟರಲ್ಲಿ ಬೆರೆಂಟ್ ಸಾಹೇಬರು ಬಂದರು. ಪಕ್ಕದ ಸೀಮೆಯಲ್ಲಿ ಬ್ಯಾಂಕಿನ ಸೇತುವೆ ನೋಡಲು ಬಂದಿದ್ದವರು, ಅವರೆಕಾಳಿನ ಸಾರು ನೆನಪಾಗಿ, ಸಾಯಂಕಾಲದ ರೈಲಿನವರೆಗೆ ಹೊತ್ತಿದೆ ಎಂದು ನಮ್ಮೂರಿಗೆ ಇಳಿದಿದ್ದರು. ಅವರ ಪೆಟ್ಟಿಗೆ ಸ್ಟೇಷನ್ನಿನಲ್ಲೇ ಇತ್ತು. ಅವರ ಛತ್ರಿ ಆಗಲೇ ಚಿಕ್ಕೆಂಪಯ್ಯನವರ ಕಂಕುಳಲ್ಲಿತ್ತು.

"ಏನು ತೂಗುತ್ತಿದ್ದೀರಿ?" ಎಂದು ಕೇಳಿದರು.

"ನನ್ನ ಮಗಳನ್ನ" ಎಂದೆ. ಆಸ್ಪತ್ರೆಗೆ ಹೊರಟಿದ್ದೇವೆ ಎಂದೂ ಹೇಳಿದೆ.

"ಹಾಗಾದರೆ ನಾನೂ ನಿಮ್ಮ ಜೊತೆ ಸ್ಟೇಷನ್ನಿನವರೆಗೆ ಬರುತ್ತೇನೆ. ನಾಲ್ಕು ನಿಮಿಷ ಮಾತಾಡಿಕೊಂಡು ಹೋಗೋಣ."

ಬನ್ನಿ ಎಂದೆ. ಕಲ್ಲಿನ ಚೀಲ ಹೆಗಲಿಗೇರಿಸಿ ಹೊರಟೆವು. ಸಾಹೇಬರು ಏನೋ ಹೇಳುತ್ತ ಹೆಜ್ಜೆ ಹಾಕಿದರು, ಮೂರನೆಯ ಹೆಜ್ಜೆಗೆ ಇರಲಿಲ್ಲ. ನಾವು ಮರದ ನೆರಳನ್ನೂ ದಾಟಿರಲಿಲ್ಲ, ಅಲ್ಲೇ ನಿಂತೆವು. ಸ್ವಲ್ಪ ಹೊತ್ತಿಗೆ ಸ್ಟೇಷನ್ನಿನ ಕಡೆಯಿಂದ ಹುಬ್ಬು ಗಂಟಿಕ್ಕಿಕೊಂಡು ವಾಪಸು ಬಂದರು. "ನೀವು ನನ್ನ ಹಿಂದೆಯೇ ಇದ್ದಿರಿ" ಎಂದರು. ಎರಡನೆಯ ಸಲ ಬೋರಲಿಂಗನ ಅಂಗಿಯ ಚುಂಗು ಹಿಡಿದುಕೊಂಡು ಹೊರಟರು. ಮರಳಿ ಬಂದಾಗ ಅವರ ಬೆರಳುಗಳ ನಡುವೆ ಅಂಗಿಯ ಒಂದು ಗುಂಡಿ ಇತ್ತು. ಅದನ್ನು ಬೋರಲಿಂಗನಿಗೆ ಕೊಟ್ಟು, ಮರದ ಕಟ್ಟೆಯ ಮೇಲೆ ಕೂತು, ತಕ್ಕಡಿಯನ್ನೂ ನಮ್ಮ ಚೀಲಗಳನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಕಟ್ಟೆಯ ಬುಡದಲ್ಲಿದ್ದ ಕಲ್ಲಿನ ರಾಶಿಗೆ ಕೈ ಚಾಚಿದರು.

ಚಿಕ್ಕೆಂಪಯ್ಯನವರು ಹೌಹಾರಿದರು. "ಅಯ್ಯಯ್ಯೋ, ಸ್ವಾಮಿ, ಬ್ಯಾಡಿ! ಏಯ್ ಯಾರ್ರೋ ಅಲ್ಲಿ, ಇಸ್ಕೊಳ್ರೋ!"

ನಾಲ್ಕು ಜನ ಓಡಿ ಬಂದರು. ನಾನು ಅಡ್ಡ ನಿಂತೆ. ಒಂದು ಖಾಲಿ ಚೀಲ ತೆಗೆದು, ಅವರ ಪಾಲಿನ ನೀರೂ ಸೇರಿ ಚೆನ್ನಾಜಿಗೆ ಹೆಚ್ಚಿದ್ದ ಆರೂವರೆ ಸೇರು ಆಗುವಷ್ಟು ಕಲ್ಲು ತೂಗಿ ತುಂಬಿ, ನಾನೇ ಸಾಹೇಬರ ಹೆಗಲಿಗೆ ಹಾಕಿದೆ.

"ದ್ಯಾವಮ್ಮ, ಬಂದೋರ್ ಕೈಗೆ ಕಲ್ಲ್ ಕೊಟ್ಟೋರು ಅಂತ ಊರ್ಗೇ ಹೆಸ್ರು ಬತ್ತದೆ ಕಣಮ್ಮ!"

"ಬರ್ಲಿ ಬುಡಿ ಅಧ್ಯಕ್ಷ್ರೇ. ಹೋದ್ ಸಲ ಒಳ್ಳೆ ಹೆಸ್ರು ಬಂತು, ಬಾವಿ ಬರ್ನಿಲ್ಲ."

ಹೇಳಿದ ಮೇಲೆ ನನಗೂ ನಾಚಿಕೆಯಾಯಿತು. ಆದರೆ ಚೀಲ ವಾಪಸು ತೆಗೆದುಕೊಳ್ಳಲಿಲ್ಲ. ನಾಲ್ವರೂ ಹೊರಟೆವು, ಈ ಸಲ ಸಾಹೇಬರು ನಮ್ಮ ಪಕ್ಕದಲ್ಲೇ ಇದ್ದರು. ಹಿಂದಿರುಗಿ ನೋಡಿದರೆ ಚಿಕ್ಕೆಂಪಯ್ಯನವರು ಮುಖಕ್ಕೆ ಶಾಲು ಮುಚ್ಚಿಕೊಂಡಿದ್ದರು.

ಹೊರಟಾಗಿನಿಂದ ಸಾಹೇಬರು ಹೆಜ್ಜೆ ಎಣಿಸುತ್ತಿದ್ದರು. ಮುನ್ನೂರ ಇಪ್ಪತ್ತಕ್ಕೆ ನಿಂತು ಸುತ್ತ ನೋಡಿದರು. ಸ್ಟೇಷನ್ನಿರಲಿಲ್ಲ, ಕುರುಚಲು ಬಯಲು, ದೂರದಲ್ಲಿ ಒಣಗಿದ ಹಳ್ಳ, ಹೊರೆ ಇಳಿಸಲು ಯಾರೋ ಹಿಂದಿನವರು ನಿಲ್ಲಿಸಿದ ಎದೆಯೆತ್ತರದ ಚಪ್ಪಡಿಗಳು. ಅಂಥ ಚಪ್ಪಡಿಯ ಮೇಲೆ ಚೀಲ ಇಟ್ಟರೂ ಅದರ ಮೇಲಿಂದ ಕೈ ತೆಗೆಯಬಾರದು ಎಂದು ಹೇಳಿಕೊಟ್ಟೆ. ಹನ್ನೊಂದು ಸಾವಿರಕ್ಕೆ ಎಣಿಸುವುದನ್ನು ಬಿಟ್ಟರು. ಚೆನ್ನಾಜಿ ಕೂತು, ಎದ್ದು, ಸೊಂಟಕ್ಕೆ ಕೈ ಕೊಟ್ಟು ನಡೆಯುವುದನ್ನು ನೋಡಿ ಅವರ ಮುಖದ ನಗು ಹೋಯಿತು.

ನೀರು ಮಧ್ಯಾಹ್ನಕ್ಕೆ ಅರ್ಧಕ್ಕಿಳಿಯಿತು. ಸಾಹೇಬರು ತಮ್ಮ ಪಾಲಿನದನ್ನು ಒಂದೇ ಗುಟುಕಿಗೆ ಮುಗಿಸಿದರು. ನಾನು ನೆಲದಿಂದ ಎರಡು ಕಲ್ಲು ಆರಿಸಿ ಅವರ ಚೀಲಕ್ಕೆ ಹಾಕಿದೆ.

"ಇದೇಕೆ?"

"ಕುಡಿದ ನೀರಿನಷ್ಟು ತೂಕ ಕಡಿಮೆಯಾಯಿತಲ್ಲ. ತುಂಬಿಸದಿದ್ದರೆ ನೀವು ನಮ್ಮ ಕಣ್ಣಿಗೆ ಸಿಗುವುದಿಲ್ಲ."

"ಸುಸ್ತಾಗಿ ನೀರು ಕುಡಿದರೆ, ಅದಕ್ಕೆ ಮತ್ತಷ್ಟು ಕಲ್ಲು ಹೊರಬೇಕೆ?"

"ಅದಕ್ಕೇ ಬಾವಿ ಕೇಳಿದ್ದು" ಎಂದೆ.

ಆ ದಿನ ಬಯಲಿನಲ್ಲೇ ತಂಗಿದೆವು, ಚೀಲಗಳನ್ನು ತಬ್ಬಿಕೊಂಡೇ ಮಲಗಿದೆವು. ಸಾಯಂಕಾಲದ ರೈಲಿನ ಮಾತನ್ನು ಸಾಹೇಬರು ಎತ್ತಲೇ ಇಲ್ಲ.

ಮರುದಿನ ಬೆಳಿಗ್ಗೆ ಬೆಣಚುಕಲ್ಲಿನ ದಿಬ್ಬದ ಹತ್ತಿರ ಚೆನ್ನಾಜಿ ನನ್ನ ತೋಳು ಹಿಡಿದು ಕೂತುಬಿಟ್ಟಳು. ನೋವು ಹದಿನೈದು ದಿನ ಮೊದಲೇ ಬಂದಿತ್ತು. ಸ್ಟೇಷನ್ನಿಗೆ ಗಟ್ಟಿ ಕಾಲಿನವರಿಗೆ ಇನ್ನೆರಡು ಗಂಟೆಯ ದಾರಿ, ಅವಳು ಎರಡು ಮಾರು ನಡೆಯುವ ಸ್ಥಿತಿಯಲ್ಲಿರಲಿಲ್ಲ. ನನ್ನ ಅಕ್ಕ ಕೂತ ಜಾಗ ಅಲ್ಲಿಂದ ಕಾಣುತ್ತಿತ್ತು. ನನಗೆ ಭಯವಾಯಿತು. ಮಗಳ ಮುಂದೆ ಅಳಬಾರದೆಂದುಕೊಂಡಿದ್ದೆ, ಅತ್ತುಬಿಟ್ಟೆ.

ಬೆರೆಂಟ್ ಸಾಹೇಬರು ಚೀಲವನ್ನು ತಬ್ಬಿಕೊಂಡೇ ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. "ನಾನು ಇದನ್ನು ಇಲ್ಲಿ ಬಿಟ್ಟು ಹೆಜ್ಜೆ ಇಟ್ಟರೆ ತಕ್ಷಣ ಆಸ್ಪತ್ರೆಯಲ್ಲಿರುತ್ತೇನೆ, ಅಲ್ಲವೆ?"

"ಇರುತ್ತೀರಿ. ಆದರೆ ಡಾಕ್ಟರನ್ನು ಕರೆತರುವುದು ಸುಲಭವಲ್ಲ. ಅವರ ಚೀಲವನ್ನು ಜವಾನ ಹೊರಬಾರದು, ಅವರೇ ಹೊರಬೇಕು. ಚೀಲವೂ ಸೇರಿ ಆರೂವರೆ ಸೇರು. ನಿಮಗೂ ಆರೂವರೆ ಸೇರು. ಒಂದು ಸೇರು ಕಡಿಮೆಯಾದರೂ ನಾವು ನಿಮಗೆ ಕಾಣುವುದಿಲ್ಲ." ಅಕ್ಕನ ಕತೆಯನ್ನು ಎರಡೇ ಮಾತಿನಲ್ಲಿ ಹೇಳಿದೆ. ಬೈಗುಳದ ಭಾಷೆಯಲ್ಲಿ ಅಳುತ್ತ ಹೇಳಿದ್ದು ಅವರಿಗೆ ಎಷ್ಟು ತಿಳಿಯಿತೋ, ಕಣ್ಣು ಕೆಂಪಾಯಿತು.

"ಆರೂವರೆ ಸೇರು" ಎಂದು ನಮ್ಮ ಮಾತಿನಲ್ಲೇ ಎರಡು ಸಲ ಹೇಳಿ ಗಟ್ಟಿ ಮಾಡಿಕೊಂಡರು. ಚೀಲ ಕೆಳಗಿಟ್ಟರು, ಹೆಜ್ಜೆ ಇಟ್ಟರು, ಇಲ್ಲವಾದರು.

ನಾವು ಕಾದೆವು. ಬೋರಲಿಂಗ ತನ್ನ ಕಂಬಳಿಯನ್ನು ನೆರಳಿಗೆ ಹಿಡಿದು ನಿಂತ, ಕಲ್ಲಿನ ಚೀಲ ಇಳಿಸಲೇ ಇಲ್ಲ. ನೋವಿನ ನಡುವೆ ಬಿಡುವು ಸಿಕ್ಕಾಗ ಚೆನ್ನಾಜಿ, "ಅವ್ವ, ಆ ಸಾಹೇಬ್ರು ರೈಲ್ ಹತ್ಬುಟ್ರೋ ಏನೋ" ಎಂದಳು.

"ಬಾಯ್ ಮುಚ್ಕಂಡ್ ಉಸ್ರು ಎಳ್ಕೊ" ಎಂದೆ. ನನಗೂ ಅದೇ ಯೋಚನೆ ಬಂದಿತ್ತು.

ಎರಡು ಗಂಟೆಗೂ ಮೇಲಾಗಿತ್ತು, ಸ್ಟೇಷನ್ನಿನ ಕಡೆಯಿಂದ ಇಬ್ಬರು ಬರುವುದು ಕಂಡಿತು. ಮುಂದೆ ಡಾಕ್ಟರು, ಹೊಸ ಸರ್ಕಾರ ಹಾಕಿದ ಚಿಕ್ಕ ಪ್ರಾಯದ ಹೆಣ್ಣುಮಗಳು, ಒಂದು ಕೈಯಲ್ಲಿ ತನ್ನ ಚೀಲ, ಇನ್ನೊಂದರಲ್ಲಿ ದಿಂಬಿನ ಕವರಿಗೆ ತುಂಬಿದ ರೈಲು ಹಳಿಯ ಜಲ್ಲಿ. ಹಿಂದೆ ಬೆರೆಂಟ್ ಸಾಹೇಬರು, ಕೋಟಿನ ಜೇಬುಗಳೆಲ್ಲ ಜಲ್ಲಿ, ಹೆಗಲಿನ ಮೇಲೆ ಜಲ್ಲಿಯ ಗಂಟು. ಸ್ಟೇಷನ್ನಿನ ಪಾರ್ಸೆಲ್ ತಕ್ಕಡಿಯಲ್ಲಿ ಇಬ್ಬರೂ ತೂಗಿಸಿಕೊಂಡು ಬಂದಿದ್ದರು. ಜವಾನ ಮೂರು ಸಲ ಡಾಕ್ಟರ ಚೀಲ ಇಸಿದುಕೊಂಡನಂತೆ, ಸಾಹೇಬರು ಮೂರು ಸಲವೂ ಕಿತ್ತುಕೊಂಡು ಮತ್ತೆ ಡಾಕ್ಟರ ಕೈಗೇ ಕೊಟ್ಟರಂತೆ.

"ಅಮ್ಮ, ಈ ದಾರಿ ಇಷ್ಟುದ್ದ ಅಂತ ನನಗ್ಯಾರೂ ಹೇಳೇ ಇರ್ಲಿಲ್ಲ" ಎಂದು ಡಾಕ್ಟರು ಮೊಣಕಾಲೂರಿದರು. ಹೊಟ್ಟೆಯ ಮೇಲಿನಿಂದಲೇ ಎರಡೂ ಕೈಯಲ್ಲಿ ಕೂಸನ್ನು ಮೆಲ್ಲಗೆ ಮೆಲ್ಲಗೆ ತಿರುಗಿಸಿದರು. ಸೂರ್ಯ ನೆತ್ತಿಗೆ ಬರುವ ಮೊದಲು ನನ್ನ ಮೊಮ್ಮಗಳು ಬೆಣಚುಕಲ್ಲಿನ ದಿಬ್ಬದ ಮೇಲೆ ಕಿರುಚಿದಳು. ಅಷ್ಟು ಚೆಂದದ ಕಿರುಚಾಟವನ್ನು ನಾನು ಈವರೆಗೆ ಕೇಳಿಲ್ಲ. ಸಾಹೇಬರು ಬೆನ್ನು ತಿರುಗಿಸಿ ಕೂತಿದ್ದವರು ಅತ್ತರೋ ನಕ್ಕರೋ, ಕೋಟು ಅಲುಗಾಡಿತು, ಜಲ್ಲಿ ಚೆಲ್ಲಿತು.

ಕೂಸು ಮೂರು ಸೇರೂ ಇರಲಿಲ್ಲ. ಅದನ್ನು ಅವ್ವನ ತೋಳಿಗೆ ಕೊಟ್ಟು, ಉಳಿದವರೆಲ್ಲ ಕೂಸಿನಷ್ಟೇ ತೂಕ ಉಳಿಸಿಕೊಂಡು ಮಿಕ್ಕಿದ್ದನ್ನು ಅಲ್ಲೇ ಸುರಿದೆವು. ದಾರಿ ಕುಗ್ಗಿತು, ಅರ್ಧ ಗಂಟೆಗೆ ಆಸ್ಪತ್ರೆ ಸಿಕ್ಕಿತು.

ಬೆರೆಂಟ್ ಸಾಹೇಬರು ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ಹೊಸ ವರದಿ ಬರೆದರು. ರಸ್ತೆಯ ಉದ್ದ ಎಂಬ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ನನ್ನ ಮುಖ ನೋಡಿದರು. ಆಮೇಲೆ 'ಆರೂವರೆ ಸೇರು' ಎಂದು ತುಂಬಿದರು. ಬ್ಯಾಂಕಿನ ದೊಡ್ಡ ಕಚೇರಿಯವರು ಮೂರು ಸಲ ಅದನ್ನು ತಪ್ಪೆಂದು ವಾಪಸು ಕಳಿಸಿದರು, ಮೂರು ಸಲವೂ ಅದರ ನಕಲನ್ನು ಊರಿಗೆ ನಾನೇ ಹೊತ್ತು ತಂದೆ. ಮೂರು ಸಲವೂ ಸಾಹೇಬರು ಹಾಗೇ ಕಳಿಸಿದರು, ಬಂದು ನೋಡಿ, ನಿಮ್ಮ ಪೆಟ್ಟಿಗೆಯನ್ನು ನೀವೇ ಹೊತ್ತುಕೊಳ್ಳಿ ಎಂದು ಕೆಳಗೆ ಬರೆದು. ಕೊನೆಗೆ ಒಬ್ಬ ದೊಡ್ಡ ಅಧಿಕಾರಿ ಬಂದರು, ಸ್ಟೇಷನ್ನಿನಿಂದ ಪೆಟ್ಟಿಗೆ ಹೊತ್ತು ಮೂರನೆಯ ದಿನ ಊರು ಸೇರಿದರು. ಮೊದಲು ನೀರು ಕೇಳಿದರು, ಆಮೇಲೆ ಪೆನ್ನು ಕೇಳಿದರು.

ಕಟ್ಟುವುದು ಸುಲಭವಾಯಿತು. ಎರಡು ಇಟ್ಟಿಗೆ, ಮೇಲೊಂದಿಷ್ಟು ಗಾರೆ, ಆರೂವರೆ ಸೇರು. ಅಷ್ಟು ಹೊತ್ತು ಹೊರಟರೆ ಬಸುರಿಯರ ದಾರಿಯೇ ಸಿಗುತ್ತದೆ. ಊರಿಗೆ ಊರೇ ಹೊತ್ತೆವು. ನಾಲ್ಕು ಬಾವಿಯಾಯಿತು, ತಂಗುದಾಣವಾಯಿತು, ಬೆಣಚುಕಲ್ಲಿನ ದಿಬ್ಬದ ಮೇಲೆ, ಆ ಜಲ್ಲಿ ಸುರಿದ ಜಾಗದಲ್ಲಿ, ಹೆರಿಗೆ ಕೋಣೆಯಾಯಿತು. ದಾದಿಯ ನೇಮಕದ ಆದೇಶದಲ್ಲಿ ಅವಳು ತನ್ನ ಚೀಲ ತಾನೇ ಹೊರತಕ್ಕದ್ದು ಎಂದು ನಾನು ಹೇಳಿ ಬರೆಸಿದೆ.

ಪ್ರಾರಂಭೋತ್ಸವದ ಹಿಂದಿನ ವಾರ ಬೆರೆಂಟ್ ಸಾಹೇಬರ ತಂತಿ ಬಂತು. ನಿಮ್ಮ ಹುಣಸೆಮರದ ತಕ್ಕಡಿಯ ತಟ್ಟೆ ಸೀಳಿದೆ, ಹೊಸದು ತರುತ್ತಿದ್ದೇನೆ, ಹಿತ್ತಾಳೆಯದು, ಇಪ್ಪತ್ತೆರಡು ಸೇರು, ದಯವಿಟ್ಟು ಯಾರೂ ಇಸಿದುಕೊಳ್ಳಬೇಡಿ ಎಂದಿತ್ತು. ಇಪ್ಪತ್ತೆರಡು ಸೇರೆಂದರೆ ಐದು ದಿನದ ದಾರಿ. ಮಂತ್ರಿಗಳು ಬಂದು ದೀಪ ಹಚ್ಚಿ ಹೋದರು, ಸಾಹೇಬರು ಇನ್ನೂ ದಾರಿಯಲ್ಲಿದ್ದರು.

ಆ ದಿನಗಳಲ್ಲಿ ಚಿಕ್ಕೆಂಪಯ್ಯನವರನ್ನು ನೋಡಲಾಗುತ್ತಿರಲಿಲ್ಲ. ಬಂದವರು ಹೊರೆ ಹೊತ್ತು ನಡೆಯುತ್ತಿದ್ದಾರೆ, ಇಸಿದುಕೊಳ್ಳುವ ಹಾಗಿಲ್ಲ, ಸುಮ್ಮನೆ ಕೂರಲೂ ಆಗುವುದಿಲ್ಲ. ಕಟ್ಟೆಯಿಂದ ಮನೆಗೆ, ಮನೆಯಿಂದ ಕಟ್ಟೆಗೆ ತಿರುಗಿದರು. ಸಾಹೇಬರು ರೈಲಿಳಿದ ಎರಡನೆಯ ದಿನ ಬೆಳಿಗ್ಗೆ ನಾನು ಟಪಾಲು ತೆಗೆದುಕೊಂಡು ಹೊರಟಿದ್ದೆ. ಅವರು ಹೆಗಲಿನ ಶಾಲು ತೆಗೆದು ಮಡಚಿ ಕಟ್ಟೆಯ ಮೇಲಿಟ್ಟರು.

"ದ್ಯಾವಮ್ಮ, ಇಪ್ಪತ್ತೆರಡ್ ಸೇರು ಕಲ್ಲು ತೂಗು."

"ಯಾರ್ಗೆ ಅಧ್ಯಕ್ಷ್ರೇ?"

"ನಂಗೇ. ಬಂದೋರ್ನ ಒಬ್ರೇ ನಡ್ಯಾಕ್ ಬುಟ್ಬುಡದಾ? ಹೊರೆ ಇಸ್ಕೊಳಾಕಂತೂ ಬುಡಕಿಲ್ಲ, ಜೊತೆಗಾದ್ರೂ ನಡೀತೀನಿ."

ಅರವತ್ತೇಳು ವರ್ಷದ ಹೆಗಲಿಗೆ ಇಪ್ಪತ್ತೆರಡು ಸೇರು ಹೆಚ್ಚಾಯಿತು ಎಂದೆ. ಕೇಳಲಿಲ್ಲ. ನಾನು ತೂಗಿದೆ, ಬೋರಲಿಂಗ ಎತ್ತಿಕೊಟ್ಟ. ಅವರು ಮೂಟೆ ಹೊತ್ತು ತೂರಾಡಿ, ಸಾವರಿಸಿಕೊಂಡು, ಮೀಸೆ ಸರಿಮಾಡಿಕೊಳ್ಳಲು ಕೈ ಬಿಡುವಿಲ್ಲದೆ ಹಾಗೇ ಹೊರಟರು.

ಮೂರು ದಿನದ ಮೇಲೆ ಇಬ್ಬರೂ ಒಟ್ಟಿಗೆ ಬಂದರು. ಇಬ್ಬರೂ ಬಲಗಾಲು ಕುಂಟುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೂ ದಾರಿಯುದ್ದಕ್ಕೂ ಹರಟಿದವರ ಗಂಟಲಿನ ಹಾಗೆ ಇಬ್ಬರ ಗಂಟಲೂ ಕಟ್ಟಿತ್ತು. ಊರಿನವರೆಲ್ಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆವು. ನಮಗೆ ಅದಕ್ಕಿಂತ ಕಷ್ಟದ ಕೆಲಸ ಇರಲಿಲ್ಲ. ಸಾಹೇಬರು ತಕ್ಕಡಿಯನ್ನು ತಾವೇ ಇಳಿಸಿದರು. ಚಿಕ್ಕೆಂಪಯ್ಯನವರು ಮೂಟೆ ಇಳಿಸಿ, ಕಟ್ಟೆಗೊರಗಿ, ನನ್ನ ಮೊಮ್ಮಗಳು ತಂದುಕೊಟ್ಟ ಚೊಂಬಿನ ನೀರನ್ನು ಮೊದಲು ಸಾಹೇಬರಿಗೆ ಕುಡಿಸಿ, ಆಮೇಲೆ ತಾವು ಕುಡಿದರು.

"ಉದ್ದ ಅದೆ ಕಣಮ್ಮ ದ್ಯಾವಮ್ಮ, ಈ ರಸ್ತೆ" ಎಂದರು. ಹುಟ್ಟಿದಾಗಿನಿಂದ ಅದೇ ಊರಿನಲ್ಲಿದ್ದವರು. ಅರ್ಜಿಗೆ ಸಹಿ ಹಾಕಿದವರೂ ಅವರೇ.

ಸಾಹೇಬರು ವಾರವಿದ್ದು, ಅವರೆಕಾಳಿನ ಸಾರು ಉಂಡು, ಹೊರಡುವ ದಿನ ಬಂತು. ಚಿಕ್ಕೆಂಪಯ್ಯನವರು ನನ್ನನ್ನು ಕರೆದು, ಅವರ ಹೊರೆ ಎಷ್ಟಿದೆ ನೋಡಿ ಹೇಳು, ಜೊತೆಗೆ ಹೋಗಬೇಕು ಎಂದರು. ಹೊರೆ ಇಲ್ಲ, ತಕ್ಕಡಿ ಇಲ್ಲೇ ಉಳಿಯಿತಲ್ಲ, ಬರಿಗೈಯಲ್ಲಿ ಹೋಗುತ್ತಾರೆ, ನಾಲ್ಕು ನಿಮಿಷ ಎಂದೆ. ಅವರ ಮುಖ ಬಾಡಿತು. ಆಮೇಲೆ ಎದ್ದು ಒಳಗೆ ಹೋಗಿ, ಅವರೆಕಾಳು ಎಂಟು ಸೇರು, ಬೆಲ್ಲ ಆರು ಸೇರು ತೂಗಿ, ಸಾಹೇಬರ ಮನೆಗೆಂದು ತಾವೇ ಗಂಟು ಕಟ್ಟಿದರು. ಕಟ್ಟಿ ಮುಗಿಸಿ ಹುಣಸೆಮರದ ಕೆಳಗೆ ಬಂದು, ಹದಿನಾಲ್ಕು ಸೇರಿಗೆ ಕಲ್ಲು ಆರಿಸಲು ಕೂತರು.